ಸವಣೂರಿನ ಅಕ್ಕನ ವಿಚಾರಣೆ

ಲಕ್ಷ್ಮೀದೇವಿಯೇ ಸವಣೂರಿನ ಮನೆ ಬಾಗಿಲಿಗೆ ಬಂದು ನಿಂತರೂ ನಮ್ಮ ಅಕ್ಕ, "ಎಲ್ಲಿಂದ ಬಂದಿ, ಯಾರು ಕಳಿಸ್ಯಾರ?" ಎಂದು ಕೇಳದೆ ಒಳಗೆ ಬಿಡುವವಳಲ್ಲ.

ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ ಹೆಸರಿಲ್ಲದ ಮುಯ್ಯಿ ಲಕೋಟೆಯೊಂದು ಸಿಕ್ಕಿತು. ಅಕ್ಕ ಮೈಕು ಹಿಡಿದಳು. "ಹೆಸರಿಲ್ಲದ ರೊಕ್ಕ ನಮ್ಮನಿಯಾಗ ಇರೂದಿಲ್ಲ. ಇಟ್ಟವರು ಬಂದು ಬರೀರಿ." ಎಲೆಯ ಮೇಲೆ ಹೋಳಿಗೆ ಆರುತ್ತಿತ್ತು. ಕೊನೆಗೆ ಎದ್ದು ಬಂದವರು ಯಾರೆಂದುಕೊಂಡಿರಿ? ನಮ್ಮ ಭಾವ! ಅವರಿಂದಲೂ ಹೆಸರು ಬರೆಸಿಕೊಂಡಳು, ಊರಿನ ಸಮೇತ.

ದಿನಾ ಬೆಳಿಗ್ಗೆ ಏಳಕ್ಕೆ ಅವಳ ಫೋನು ಶುರು. ಮೊದಲು ಹಾನಗಲ್ಲಿನ ತಂಗಿಗೆ, ಆಮೇಲೆ ಹಿರೇಕೆರೂರಿನ ತಂಗಿಗೆ, ಕೊನೆಗೆ ಶಿಗ್ಗಾಂವಿಯ ನನಗೆ. ಯಾರ ಓಣಿಗೆ ಯಾವ ಹೊಸ ಮುಖ ಬಂದಿದೆ, ಏನು ಕೇಳುತ್ತಿದೆ ಎಂಬುದು ನಾಲ್ಕೂ ತಾಲ್ಲೂಕಿಗೆ ಚಹಾಕ್ಕೆ ಮೊದಲೇ ತಲುಪಬೇಕು. ಐದಕ್ಕೆ ಎದ್ದು, ಆರಕ್ಕೆ ವಾಕಿಂಗ್ ಮುಗಿಸಿ, ಏಳಕ್ಕೆ ಪೇಪರು ಹಿಡಿಯುವ ನನಗೆ ಇದು ಶುದ್ಧ ಕಿರಿಕಿರಿ.

ಹೋದ ತಿಂಗಳು ಆ ಫೋನಿನಲ್ಲಿ ನಾನೇ ಬಾಯಿಬಿಟ್ಟೆ. ಅನಾಥ ಮಕ್ಕಳ ಟ್ರಸ್ಟಿನವನೆಂದು ಒಬ್ಬ ಬಂದಿದ್ದ. ದಾನಿಗಳ ಹಣ ಎಂಟು ದಿನ ನನ್ನ ಪಿಂಚಣಿ ಖಾತೆಯ ಮೂಲಕ ಹಾದುಹೋಗಲಿ ಎಂದ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ, ಬೂಟು ಜೋಡಿಸಿಟ್ಟು ಒಳಗೆ ಕಾಲಿಟ್ಟಿದ್ದ. ಇಂಥವನನ್ನು ನಂಬದೆ ಇನ್ನಾರನ್ನು ನಂಬಲಿ? ಎಟಿಎಂ ಕಾರ್ಡು, ಪಿನ್ನು ಎರಡೂ ಕೊಟ್ಟಿದ್ದೆ.

"ಯಾರ ರೊಕ್ಕ?" ಎಂದಳು ಅಕ್ಕ.

"ದಾನಿಗಳದು."

"ಯಾವ ಊರವರು?"

"ಕೇಳಿಲ್ಲ."

"ಟ್ರಸ್ಟಿಗೆ ತನ್ನ ಖಾತೆ ಇಲ್ಲೇನು? ನಿನ್ನದ ಯಾಕ ಬೇಕಾತು?"

ನಾನು ಪೇಪರು ಮಡಚಿಟ್ಟೆ.

"ಅಂಗಿ ಹಾಕ್ಕೋ ತಮ್ಮಾ. ಬ್ಯಾಂಕಿನ ಬಾಗಿಲದಾಗ ನಿಂದ್ರು. ಬರಾಕತ್ತೇನಿ."

ಬಸ್ಸಿನಲ್ಲೇ ಕುಳಿತು ತಂಗಿಯರಿಗೆ, ಒಬ್ಬನ ಕೈಗೆ ಕಾರ್ಡು ಹೋಗಿದೆ ಎಂದಷ್ಟೇ ತಿಳಿಸಿ, ಅವನ ಚಹರೆ ಹೇಳಿ, ಓಣಿಯಲ್ಲಿ ವಿಚಾರಿಸಲು ಹಚ್ಚಿದಳು. ಅವಳು ಶಿಗ್ಗಾಂವಿಯಲ್ಲಿ ಇಳಿಯುವಷ್ಟರಲ್ಲಿ ಉತ್ತರ ಬಂದಿತ್ತು. ಅದೇ ಮನುಷ್ಯ ಹಾನಗಲ್ಲಿನಲ್ಲಿ ವೃದ್ಧಾಶ್ರಮದವನು, ಹಿರೇಕೆರೂರಿನಲ್ಲಿ ಗೋಶಾಲೆಯವನು!

ಮ್ಯಾನೇಜರು ತಕ್ಷಣ ಖಾತೆ ತಡೆದರು. "ಪುಣ್ಯಾ ಮಾಡೀರಿ, ಇನ್ನೂ ಏನೂ ಜಮಾ ಆಗಿಲ್ಲ. ಆಗಿದ್ರ ಕಳ್ಳರೊಕ್ಕ ದಾಟಿಸಿದವರು ನೀವ ಆಗ್ತಿದ್ರಿ. ಅದು ಯಾವ ಬಾಂಬಿಗೆ ಹೋಗಿ ಮುಟ್ಟತಿತ್ತೋ ಏನೋ."

ಪೊಲೀಸರಿಗೆ ದೂರು ಕೊಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಹನ್ನೆರಡೂವರೆಯ ನನ್ನ ಊಟ ತಪ್ಪಿದ್ದು ಕೂಡ ನೆನಪಾಗಲಿಲ್ಲ.

ಅಷ್ಟರಲ್ಲಿ ಹಾನಗಲ್ಲಿನ ತಂಗಿಯ ಫೋನು. ಅವಳ ನಗು ನನಗೂ ಕೇಳುತ್ತಿತ್ತು. "ಅಕ್ಕಾ, ಅಂಥಾವನ ಕೈಯಾಗ ಕಾರ್ಡ್ ಕೊಟ್ಟ ಶ್ಯಾಣ್ಯಾರು ಯಾರವಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನ ಕೊಟ್ಟಿದ್ದೆ. ವಯಸ್ಸಾತು ನೋಡವಾ, ಬುದ್ಧಿ ಮಂದ ಆಗೇತಿ."