ಭಾವನ ಕಾರಿನ ಕೆಮ್ಮು

ಭಾವ ಹೇಳಿಹೋದದ್ದು ಎರಡೇ ಮಾತು. "ಬೆಳಗ್ಗೆ ಹತ್ತಕ್ಕೆ ಒಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು, ಬ್ಯಾಟರಿ ಇಳೀಬಾರ್ದು. ಬೇರೆ ಏನೂ ಮುಟ್ಬೇಡ." ಮೊದಲನೆಯ ಮಾತನ್ನು ದರ್ಜಿ ಚಾಚೂ ತಪ್ಪದೆ ನಡೆಸಿದ. ಕೆಟ್ಟದ್ದು ಅಲ್ಲಿಂದಲೇ.

ಕೀಲಿ ತಿರುಗಿಸಿದ್ದೇ ತಡ, ಕಾರು ಒಮ್ಮೆ ಮೈ ಕೊಡವಿತು. ಆಮೇಲೆ ಗುಡ್... ಗುಡ್ಗುಡ್... ಗುಡ್ ಎಂದು ಕುಂಟತೊಡಗಿತು, ಮೂರು ಹೆಜ್ಜೆ ನೆಟ್ಟಗಿಟ್ಟು ನಾಲ್ಕನೆಯದಕ್ಕೆ ಎಡವುವ ಮುದುಕನ ಹಾಗೆ. ನಡುನಡುವೆ ಹಿಂದಿನ ಕೊಳವೆಯಿಂದ ಪಟ್ ಎಂದು ಒಂದು ಸೀನು. ಇಡೀ ಕಾರು ಅಲ್ಲಾಡಿ, ಕನ್ನಡಿ ನಡುಗಿ, ಅದರಲ್ಲಿದ್ದ ದರ್ಜಿಯ ಮುಖವೂ ನಡುಗಿತು. ಕನ್ನಡಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ಮುಖ ನಿಲ್ಲಲಿಲ್ಲ.

ಹೆದರಲು ಕಾರಣವಿತ್ತು. ಅವನು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅಂಗಡಿ ಕೋಣೆ ಭಾವನದು, ಅಕ್ಕನ ಮುಖ ನೋಡಿ ಕೊಟ್ಟದ್ದು. ಹೋದ ವರ್ಷ ಭಾವನ ಕೋಟಿಗೆ ಎರಡೂ ತೋಳು ಎಡಗೈಯವೇ ಹೊಲಿದಿದ್ದ. ಅಂದು ಭಾವ ಕೂಗಾಡಲಿಲ್ಲ. ಮೆತ್ತಗೆ, "ಇನ್ನೊಂದ್ಸಲ ನನ್ನ ಸಾಮಾನು ಕೆಡಿಸಿದ್ರೆ ನಿನ್ನ ಯಂತ್ರ ಬೀದೀಲಿರುತ್ತೆ" ಎಂದಿದ್ದ. ಕೂಗಾಡುವ ಭಾವನನ್ನು ಹೇಗೋ ತಡೆದುಕೊಳ್ಳಬಹುದು. ಮೆತ್ತಗೆ ಮಾತಾಡುವ ಭಾವನನ್ನು ನೆನೆದರೆ ದರ್ಜಿಗೆ ಇಂದಿಗೂ ಅಂಗಾಲು ತಣ್ಣಗಾಗುತ್ತಿತ್ತು.

ಈ ಕಾರೋ, ಭಾವನ ಪ್ರಾಣ. ಯಾವುದೋ ಹಳೆಯ ಕಾರು ತಂದು, ಮಿಸ್ತ್ರಿಯಿಂದ ಎಂಜಿನ್ ಬಿಚ್ಚಿಸಿ, ಏನೇನೋ ಹೊಸದು ಹಾಕಿಸಿ, ಕೆಂಡದ ಬಣ್ಣ ಬಳಿಸಿದ್ದ. ನಾಳೆ ಬೆಳಗ್ಗೆ ಊರ ಮೈದಾನದಲ್ಲಿ ಇಂಥ ಮಾರ್ಪಡಿಸಿದ ಕಾರುಗಳ ಪ್ರದರ್ಶನ. ನಿನ್ನೆ ಸಂಜೆ ಅದು ಲಾರಿಯ ಮೇಲೆ ಬಂದು ಅಂಗಡಿ ಪಕ್ಕದ ಶೆಡ್ಡಿಗೆ ಇಳಿದಿತ್ತು. ಹಾಗಾಗಿ ಅದರ ದನಿಯನ್ನು ದರ್ಜಿ ಕೇಳಿದ್ದು ಇದೇ ಮೊದಲು. ಭಾವ ಪಕ್ಕದ ಊರಿನ ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಲು ಹೋಗಿದ್ದ. ಐದರ ರೈಲಿಗೆ ಬರುವವನು.

ಗುಂಡಿ ಹಾಕುತ್ತಿದ್ದ ಅಂಗಿಯನ್ನು ಹಿಡಿದೇ ಹೆಂಡತಿ ಓಡಿಬಂದಳು. "ಏನ್ರೀ ಇದು ಶಬ್ದ? ಏನ್ ಮಾಡಿದ್ರಿ?"

"ನಾನೇನೂ ಮಾಡಿಲ್ಲ ಕಣೇ. ಕೀಲಿ ತಿರುಗಿಸ್ದೆ ಅಷ್ಟೆ."

"ಕೋಟು ಹೊಲಿದಾಗ್ಲೂ ಹೀಗೇ ಅಂದಿದ್ರಿ. ಕತ್ತರಿ ಆಡಿಸ್ದೆ ಅಷ್ಟೆ ಅಂತ."

ಡ್ರೈವರಜ್ಜ ಕರೆಯದೆಯೇ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ಈಗ ಮನೆಯಲ್ಲಿ ಕೂತವರು. ಬೀದಿಯಲ್ಲಿ ಯಾರ ಬಾನೆಟ್ಟು ತೆರೆದರೂ ಅದರೊಳಗೆ ಮೊದಲು ಹೋಗುವ ತಲೆ ಅವರದು. ಕಣ್ಣುಮುಚ್ಚಿ ಆಲಿಸಿದರು.

"ಒಂದು ಪ್ಲಗ್ಗು ಕಿಡಿ ಕೊಡ್ತಿಲ್ಲಪ್ಪ. ಬಿಚ್ಬೇಕು."

"ಬೇಡ ಅಜ್ಜ. ಮುಟ್ಬೇಡ ಅಂತ ಭಾವ ಹೇಳಿದಾರೆ."

"ನಿಂಗೆ ತಾನೇ ಹೇಳಿದ್ದು? ನಂಗೇನೂ ಹೇಳಿಲ್ಲ."

ಪ್ಲಗ್ಗುಗಳು ಹೊರಬಂದವು. ನಾಲ್ಕೂ ಹೊಚ್ಚ ಹೊಸವು. ಆದರೂ ಉಜ್ಜಿ ಒರೆಸಿ ಹಾಕಿದ್ದಾಯಿತು. ಕುಂಟು ಹೋಗಲಿಲ್ಲ. ಅಷ್ಟರಲ್ಲಿ ಎದುರಿನ ಹಿಟ್ಟಿನ ಗಿರಣಿಯಿಂದ ಗಿರಣಿಯಮ್ಮ ಕೈಯ ಹಿಟ್ಟು ಕೊಡವುತ್ತ ಬಂದರು.

"ಎಲ್ಲೋ ಗಾಳಿ ಕಳ್ಳದಾರೀಲಿ ಒಳಗೆ ನುಗ್ತಿದೆ. ರಬ್ಬರ್ ಕೊಳವೆ ಬಿರುಕು ಬಿಟ್ಟಿರುತ್ತೆ, ನೋಡಿ. ನಮ್ಮ ಗಿರಣಿ ಎಂಜಿನ್ನು ಇಪ್ಪತ್ತು ವರ್ಷದಿಂದ ಹೀಗೇ ಕೆಮ್ತಾ ಇದೆ."

"ಮತ್ತೆ ಅದನ್ನ ಯಾಕೆ ರಿಪೇರಿ ಮಾಡಿಸ್ಲಿಲ್ಲ?" ಹೆಂಡತಿ ಕೇಳಿದಳು.

"ಕೆಮ್ಮಿದ್ರೂ ಬೀಸುತ್ತಲ್ಲಮ್ಮ."

ಕೊಳವೆಗಳು ಒಂದೊಂದಾಗಿ ಹೊರಬಂದವು. ಒಂದರಲ್ಲೂ ಬಿರುಕಿರಲಿಲ್ಲ. ಯಾವುದು ಎಲ್ಲಿಂದ ಬಂತೆಂಬುದು ಮಾತ್ರ ಯಾರಿಗೂ ನೆನಪಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರದೋ ಪ್ಯಾಂಟಿಗೆಂದು ಕತ್ತರಿಸಿಟ್ಟ ಬಟ್ಟೆಯ ಮೇಲೆ ಭಾವನ ಪ್ರಾಣದ ಹನ್ನೊಂದು ತುಂಡುಗಳು ಸಾಲಾಗಿ ಮಲಗಿದ್ದವು. ಬೆಳಗ್ಗೆ ಕುಂಟುತ್ತಿದ್ದ ಕಾರು ಈಗ ಏಳಲೇ ಒಲ್ಲದು.

ಆಗಲೇ ಫೋನು ಬಂತು.

"ಸ್ಟಾರ್ಟ್ ಮಾಡಿದ್ಯಾ?"

"ಮಾಡ್ದೆ ಭಾವ."

"ಹೇಗಿದೆ?"

"ಆರಾ... ಆರಾಮಾಗಿದೆ."

"ಮತ್ತೊಂದ್ಸಲ ಮಾಡು. ನಾನೂ ಕೇಳ್ಬೇಕು. ಫೋನು ಹತ್ರ ಹಿಡಿ."

ದರ್ಜಿ ಬಟ್ಟೆಯ ಮೇಲಿನ ಹನ್ನೊಂದು ತುಂಡುಗಳನ್ನು ನೋಡಿದ. ಡ್ರೈವರಜ್ಜ ಆಕಾಶ ನೋಡಿದರು. ಹೆಂಡತಿ ಮಾತಾಡದೆ ಎದುರಿನ ಗಿರಣಿಗೆ ಬೆರಳು ತೋರಿಸಿದಳು.

"ಒಂದ್ನಿಮಿಷ ಭಾವ, ಕೀಲಿ ಒಳಗಿದೆ" ಎನ್ನುತ್ತ ದರ್ಜಿ ರಸ್ತೆ ದಾಟಿ ಓಡಿದ. ಅವನಿಗಿಂತ ಮೊದಲೇ ಓಡಿದ್ದ ಗಿರಣಿಯಮ್ಮ ಆಗಲೇ ಎಂಜಿನ್ನಿನ ಹಿಡಿ ತಿರುಗಿಸುತ್ತಿದ್ದರು. ಅದು ಮೂರು ಸಲ ಕೆಮ್ಮಿ ಎದ್ದಿತು. ದರ್ಜಿ ಫೋನನ್ನು ಹೊಗೆಕೊಳವೆಯ ಬಳಿ ಹಿಡಿದು ಕಣ್ಣುಮುಚ್ಚಿದ. ಗುಡ್... ಗುಡ್ಗುಡ್... ಪಟ್. ಇದೂ ಕುಂಟುತ್ತದೆಂದು ಹೊಳೆಯುವ ಹೊತ್ತಿಗೆ ಕಾಲ ಮಿಂಚಿತ್ತು.

ಭಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತೀರ ಮೆತ್ತಗೆ, "ಸರಿ. ಬರ್ತೀನಿ" ಎಂದು ಇಟ್ಟುಬಿಟ್ಟ.

"ಮೆತ್ತಗಂದ್ರು" ಎಂದ ದರ್ಜಿ.

"ಅಯ್ಯೋ" ಎಂದಳು ಹೆಂಡತಿ.

ಇನ್ನು ನಾಲ್ಕು ಗಂಟೆಯಷ್ಟೇ ಇತ್ತು. ಯಾವ ತೂತಿಗೆ ಯಾವ ಕೊಳವೆ ಬಿಗಿಯಾಗಿ ಕೂರುತ್ತದೋ ಹಾಕಿ ನೋಡಿ, ಬೀಳುವುದನ್ನು ತೆಗೆದು, ಹೇಗೋ ಎಲ್ಲವನ್ನೂ ಸೇರಿಸಿದರು. ಕಾರು ಎದ್ದಿತು. ಮತ್ತದೇ ಕುಂಟು.

"ಇದಕ್ಕೆ ಎರಡು ಕಾರ್ಬುರೇಟರ್ ಹಾಕ್ಸಿದಾನೆ ನಿಮ್ಮ ಭಾವ" ಎಂದರು ಡ್ರೈವರಜ್ಜ. "ಪೆಟ್ರೋಲಿಗೆ ಗಾಳಿ ಬೆರೆಸೋದು ಇವೇ. ಒಂದು ಹೆಚ್ಚು ಕೊಡುತ್ತೆ, ಒಂದು ಕಡಿಮೆ ಕೊಡುತ್ತೆ. ನಮ್ಮ ಬಸ್ಸಿಗೆ ಇಂಥದ್ದಿರ್ಲಿಲ್ಲಪ್ಪ, ನಂಗೆ ತಿಳಿಯೋದಿಲ್ಲ."

ದರ್ಜಿ ಬಗ್ಗಿ ನೋಡಿದ. ಎರಡು, ಎರಡಕ್ಕೂ ಒಂದೊಂದು ಸ್ಕ್ರೂ. ಇದು ಅವನಿಗೆ ಗೊತ್ತಿದ್ದ ಸಂಗತಿ. ಮೇಲಿನ ದಾರ ಬಿಗಿ, ಕೆಳಗಿನ ದಾರ ಸಡಿಲ. ಹೊಲಿಗೆ ತಪ್ಪದೆ ಇನ್ನೇನಾದೀತು? ಯಂತ್ರದ ಡಬ್ಬಿಯಿಂದ ಸಣ್ಣ ಸ್ಕ್ರೂಡ್ರೈವರ್ ತಂದು, ಕಿವಿ ಕೊಟ್ಟು, ಇದನ್ನು ಕೂದಲೆಳೆ ಬಿಗಿದು ಅದನ್ನು ಕೂದಲೆಳೆ ಸಡಿಲಿಸುತ್ತ ಹೋದ. ನಾಲ್ಕೂವರೆಗೆ ಕಾರು ಒಂದೇ ಒಂದು ಹೊಲಿಗೆ ತಪ್ಪದೆ ಸರ್ರನೆ ಓಡತೊಡಗಿತು. ಡ್ರೈವರಜ್ಜ ಬಾನೆಟ್ಟಿನ ಮೇಲೆ ನೀರಿನ ಲೋಟ ಇಟ್ಟರು. ನೀರು ಅಲುಗಲಿಲ್ಲ.

"ಬಸ್ಸಿನ ಡಿಪೋದಲ್ಲಿ ಇರ್ಬೇಕಿತ್ತು ಕಣೋ ನೀನು" ಎಂದರು. ಗಿರಣಿಯಮ್ಮ ಸಂಜೆಯ ಗಿರಾಕಿಗಳಿದ್ದಾರೆಂದು ಹೊರಟುಹೋದರು. ದರ್ಜಿ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಿಟ್ಟ.

ಭಾವ ಬಂದವನು ನೆಟ್ಟಗೆ ಶೆಡ್ಡಿಗೆ ನಡೆದು ಕೀಲಿ ತಿರುಗಿಸಿದ. ಆರಿಸಿದ. ಮತ್ತೆ ತಿರುಗಿಸಿದ. ಇಳಿದು ಒಂದು ಸುತ್ತು ಬಂದು ನಂಬರ್ ಪ್ಲೇಟು ನೋಡಿದ.

"ಇದ್ಯಾರ ಕಾರು?" ಮೆತ್ತಗೆ ಕೇಳಿದ.

"ನಿಮ್ದೇ ಭಾವ. ಸ್ವಲ್ಪ ಕುಂಟ್ತಿತ್ತು. ಸರಿಮಾಡ್ದೆ."

"ಕುಂಟೋದಕ್ಕೇ ಅಲ್ವೇನೋ ಮಾಡಿಸಿದ್ದು. ಆ ಗುಡುಗಿಗೋಸ್ಕರ ಮಿಸ್ತ್ರಿ ಮೂರು ತಿಂಗಳು ಕಿವಿಯಿಟ್ಟು ಆ ಕಾರ್ಬುರೇಟರ್ ಸ್ಕ್ರೂ ಹೊಂದಿಸಿದ್ದ. ಪ್ರದರ್ಶನದಲ್ಲಿ ನೋಡೋದೇ ಅದನ್ನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈಗ ಇದು ನಿನ್ನ ಹೊಲಿಗೆ ಯಂತ್ರದ ಹಾಗಿದೆ."

ಡ್ರೈವರಜ್ಜ ತಮ್ಮ ಲೋಟ ಎತ್ತಿಕೊಂಡು ಹಿಂದಕ್ಕೆ ಸರಿದರು.

"ಹೋಗ್ಲಿ" ಎಂದ ಭಾವ, ಇನ್ನೂ ಮೆತ್ತಗೆ. "ಮಧ್ಯಾಹ್ನ ಫೋನಲ್ಲಿ ಕೇಳಿಸ್ದೆಯಲ್ಲ, ಅಂಥ ದನಿ ಮಿಸ್ತ್ರಿಗೂ ಬರಿಸೋಕೆ ಆಗಿರ್ಲಿಲ್ಲ. ಕೇಳಿ ನಂಗೆ ಮಾತೇ ಹೊರಡ್ಲಿಲ್ಲ. ಅದು ನಿನ್ನ ಕೈಯಲ್ಲೇ ಬಂದಿದ್ದು ತಾನೇ? ಹಾಗೇ ಮಾಡಿಡು. ಬೆಳಗ್ಗೆ ಎಂಟಕ್ಕೆ ಅದೇ ದನಿ ಬಂದ್ರೆ ಎಲ್ಲಾ ಮರೀತೀನಿ. ಬರ್ದಿದ್ರೆ ನಿಂಗೆ ಗೊತ್ತಲ್ಲ."

ಅಷ್ಟರಲ್ಲಿ ಎದುರುಗಡೆ ಗಿರಣಿಯಮ್ಮ ಸಂಜೆಯ ಹಿಟ್ಟಿಗೆ ಎಂಜಿನ್ ತಿರುಗಿಸಿದರು. ಅದು ಮೂರು ಸಲ ಕೆಮ್ಮಿತು. ಗುಡ್... ಗುಡ್ಗುಡ್... ಪಟ್.

ಭಾವನ ಕಿವಿ ನಿಮಿರಿತು. ನಿಧಾನವಾಗಿ ತಿರುಗಿದ. ಕಣ್ಣಲ್ಲಿ ನೀರಾಡುತ್ತಿತ್ತು.

"ಅದ್ಯಾರ ಕಾರು?" ಎನ್ನುತ್ತ ರಸ್ತೆ ದಾಟಲು ಹೊರಟ.

ದರ್ಜಿ ನೋಡುತ್ತ ನಿಲ್ಲಲಿಲ್ಲ. ಒಳಗೆ ಹೋಗಿ ಹೊಲಿಗೆ ಯಂತ್ರದ ಒಂದು ಬದಿ ಹಿಡಿದ. ಇನ್ನೊಂದು ಬದಿಯನ್ನು ಹೆಂಡತಿ ಆಗಲೇ ಹಿಡಿದಿದ್ದಳು.