ಹೈದರಾಬಾದಿಗೆ ಸಮುದ್ರ ತಂದ ನಮ್ಮ ಸಾಲಿ

ಮತ್ತೆ ಎಬ್ಬಿಸಿದರು. ಬರೆಯಲು ಕೂತು ಒಂದು ಸಾಲೂ ಆಗಿರಲಿಲ್ಲ, ಅಡುಗೆಮನೆಯಿಂದ ಅತ್ತೆಯ ಕೂಗು ಬಂತು: "ಇಂಗು ಎಲ್ಲಿಟ್ಟಿ?" ಇಂಗಿನ ಡಬ್ಬಿ ಇದ್ದದ್ದು ಅವರ ಮೊಣಕೈ ಪಕ್ಕದಲ್ಲೇ. ತೋರಿಸಿ ಬಂದು ಕೂತರೆ ನನ್ನ ಮಗ ಶಾಯಿಯಲ್ಲಿ ಬೆರಳದ್ದಿ ಮೀಸೆ ಬರೆದುಕೊಂಡಿದ್ದ. ತೊಳೆದು ಕೂರಿಸಿದ್ದೇನೆ. ಇಂಥವು ನಮ್ಮ ಮನೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಸಾಲಿಯಲ್ಲಂತೂ ಕೇಳಲೇಬೇಡಿ.

ಸಾಲಿ ಎಂದರೆ ಶಾಲೆ. ಮಕ್ಕಳದಲ್ಲ, ಹೆಂಗಸರದು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋದ ಮೇಲೆ, ಮನೆಯಲ್ಲಿ ಕೂತ ಹೆಂಗಸರಿಗೂ ವಿದ್ಯೆ ಬೇಕು ಎಂದು ಹೊಸ ಸರ್ಕಾರಕ್ಕೆ ಹೊಳೆಯಿತು. ಅಡುಗೆ, ಹೊಲಿಗೆ ಬೇಡ. ಭೂಗೋಳ, ಆರೋಗ್ಯ, ಇತಿಹಾಸ ಕಲಿಸಿ ಎಂದರು. ಬೀದರಿನ ಚರ್ಚಿನ ಹಿಂದಿನ ಕೋಣೆ ಸಿಕ್ಕಿತು. ಆರೋಗ್ಯಕ್ಕೆ ಅದೇ ಚರ್ಚಿಗೆ ಹೋಗುವ ನರ್ಸಬಾಯಿ ಬಂದರು. ಉಳಿದ ಎರಡಕ್ಕೆ ನಾನು. ನಾನು ಹತ್ತನೆಯ ತನಕ ಓದಿದವಳು. ಬೀದರಿನ ಪಕ್ಕದ ನಮ್ಮ ಮೈಲೂರಿನಲ್ಲಿ ಹತ್ತನೆಯ ತನಕ ಓದಿದ ಸೊಸೆ ಎಂದರೆ ಎರಡು ಬಾಲದ ಎಮ್ಮೆ ಇದ್ದ ಹಾಗೆ. ಮದುವೆಯಾದ ಹೊಸದರಲ್ಲಿ ಜನ ನೋಡಲು ಬರುತ್ತಿದ್ದರು. ಓದಿದ್ದು ಉರ್ದುವಿನಲ್ಲಿ. 'ಭೂಗೋಳ' ಎಂಬ ಶಬ್ದವನ್ನು ನಾನು ಕಲಿತದ್ದು ನನ್ನ ವಿದ್ಯಾರ್ಥಿನಿಯರಿಗಿಂತ ಒಂದು ವಾರ ಮೊದಲು. ಆದರೆ ಒಂದು ವಾರ ಮೊದಲು ಕಲಿತವರನ್ನೇ ಅಲ್ಲವೆ ಟೀಚರ್ ಎನ್ನುವುದು.

ಸಾಲಿ ಕೊಟ್ಟದ್ದು ನೋಡೋಣ ಎಂಬ ಲೆಕ್ಕದಲ್ಲಿ. ಇನ್ಸ್‌ಪೆಕ್ಟರ್ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ, ಹೆಂಗಸರು ಏನೂ ಕಲಿತಿಲ್ಲ ಎಂದರೆ ಕೋಣೆಗೆ ಕೀಲಿ. ಅತ್ತೆಯೂ ಅದೇ ಮಾತು ಹಿಡಿದರು: "ಸಾಹೇಬ ಬರೋತನ ಹೋಗು. ಆಮ್ಯಾಲ ನೋಡೂಣು." ನನಗಂತೂ ಆ ಕೀಲಿ ಬೀಳಬಾರದಿತ್ತು. ದಿನಕ್ಕೆ ಆ ಎರಡು ತಾಸು ಮಾತ್ರ ನನ್ನನ್ನು ಯಾರೂ ಇಂಗು ಕೇಳುವುದಿಲ್ಲ.

ಸಾಬೂನು

ಮೊದಲ ಪಾಠ ನರ್ಸಬಾಯಿಯದು. ಊಟಕ್ಕೆ ಮೊದಲು ಸಾಬೂನು ಹಚ್ಚಿ ಕೈ ತೊಳೆಯಬೇಕು ಎಂದು ಹೇಳಿ, ಸರ್ಕಾರ ಕಳಿಸಿದ ಸುವಾಸನೆಯ ಸಾಬೂನನ್ನು ಎಲ್ಲರಿಗೂ ಒಂದೊಂದು ಹಂಚಿದರು. ಮುಂದಿನ ವಾರ ಸಾಬೂನು ತಂದು ತೋರಿಸಲು ಹೇಳಿದರು. ಎಷ್ಟು ಸವೆದಿದೆ ನೋಡುವುದಕ್ಕೆ.

ಒಂದೂ ಸವೆದಿರಲಿಲ್ಲ. ಒಂದೆರಡಕ್ಕೆ ಕಾಗದವೂ ಬಿಚ್ಚಿರಲಿಲ್ಲ.

"ಯಾಕ್ರಿ, ಕೈ ತೊಳೀಲಿಲ್ಲೇನು?" ಎಂದರು ನರ್ಸಬಾಯಿ.

"ತೊಳೆದೇವ್ರಿ, ಬೂದಿ ಹಚ್ಚಿ. ಇದು ಇಳಕಲ್ ಸೀರಿ ನಡು ಇಟ್ಟೇನ್ರಿ. ಟ್ರಂಕ್ ತೆಗದ್ರ ಘಮಘಮ ಅಂತದ," ಎಂದಳು ಭಾತಂಬ್ರಾದಾಕೆ. ಭಾಲ್ಕಿ ಕಡೆಯ ಆ ಊರಿಂದ ಇಲ್ಲಿಗೆ ಬಂದು ನೆಲೆಸಿದವಳು ಅವಳು.

ಕಿರಾಣಿ ಅಂಗಡಿಯಾಕೆ ಬರಿಗೈಲಿ ಬಂದಿದ್ದಳು. "ನಮ್ಮ ಮನ್ಯಾಗಿನವರು ಅಂಗಡ್ಯಾಗ ಇಟ್ಟಾರ್ರಿ. ಹೋಗೇ ಬಿಟ್ಟದ."

ನರ್ಸಬಾಯಿ ಕುರ್ಚಿಯಲ್ಲಿ ಕುಸಿದರು. "ಒಬ್ಬರರೆ ಬಳಸೀರೇನವ್ವಾ?"

ಮೂಲೆಯಿಂದ ಡಾಬಕಾದ ಆಯಿ ಕೈ ಎತ್ತಿದಳು. ಔರಾದ್ ತಾಲೂಕಿನ ಆ ಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಮುದುಕಿ. ಅವಳ ಕೈಯಲ್ಲಿದ್ದ ಸಾಬೂನು ಹುಣಸೆ ಬೀಜದಷ್ಟಾಗಿತ್ತು. ನರ್ಸಬಾಯಿಯ ಮುಖ ಅರಳಿತು. "ನೋಡ್ರಿ, ವಯಸ್ಸಾದವರಿಂದ ಕಲೀರಿ. ದಿನಾ ಹಚ್ಚಿದ್ರೇನು, ಆಯಿ?"

"ದಿನಾ ಅಲ್ರಿ. ಒಂದೇ ಸಲ. ಎಮ್ಮಿಗಿ. ಬ್ಯಾಪಾರಿ ನೋಡಾಕ ಬರೋನಿದ್ದ," ಎಂದಳು ಆಯಿ. "ನಿಮ್ಮ ಆರೋಗ್ಯದ ಪಾಠ ಭಾಳ ಉಪಯೋಗ ಆಯ್ತ್ರಿ. ಎಮ್ಮಿ ಮಾರಿ ಹೋಯ್ತು."

ಮೇಲೆ, ಕೆಳಗೆ

ನನ್ನ ಭೂಗೋಳಕ್ಕೆ ಒಂದು ನಕ್ಷೆ ಸಿಕ್ಕಿತ್ತು. ನಿಜಾಮರ ಕಾಲದ್ದು. ಹೈದರಾಬಾದ್ ರಾಜ್ಯಕ್ಕೆ ಮಾತ್ರ ಹಳದಿ ಬಣ್ಣ, ಸುತ್ತಲಿನದೆಲ್ಲ ಬಿಳಿ. ಗೋಡೆಗೆ ತೂಗು ಹಾಕಿ, ಇದು ಬೀದರ, ಇದು ರಾಯಚೂರು, ಇಲ್ಲಿ ಕೃಷ್ಣಾ, ಇಲ್ಲಿ ತುಂಗಭದ್ರಾ ಎಂದು ಕೋಲಿನಿಂದ ತೋರಿಸಿದೆ.

ಆಯಿ ಬಹಳ ಹೊತ್ತು ನೋಡಿದಳು. "ಈಗ ತಿಳೀತು ನೋಡ್ರಿ ಬಾಯಿ. ರಾಯಚೂರು ಕೆಳಗದ, ನಾವು ಮ್ಯಾಲ ಇದ್ದೇವಿ. ಇದ್ದ ನೀರೆಲ್ಲ ಅವರ ಕಡಿ ಇಳದು ಹೋಗ್ಯಾದ. ಅದಕ್ಕೇ ಅವರಿಗಿ ಎರಡೆರಡು ಹೊಳಿ, ನಮಗ ಬರೇ ಬಾವಿ."

"ನಕ್ಷೆಯಲ್ಲಿ ಮೇಲೆ ಅಂದ್ರ ಎತ್ತರ ಅಲ್ಲ ಆಯಿ, ಉತ್ತರ."

"ಹಂಗಾದ್ರ ಗ್ವಾಡಿಗಿ ಯಾಕ ತೂಗು ಹಾಕೀರಿ? ಭೂಮಿ ಮಲಗ್ಯಾದ. ನಕ್ಷೀನೂ ಮಲಗಸ್ರಿ."

ನನ್ನ ನಾಲಿಗೆ ಸುಮ್ಮನೆ ಸೋಲುವಂಥದ್ದಲ್ಲ. ಆದರೆ ಮಾತು ಸರಿ ಇತ್ತು. ಮರುದಿನದಿಂದ ನಕ್ಷೆಯನ್ನು ನೆಲದ ಮೇಲೆ ಹಾಸಿ, ಉತ್ತರವನ್ನು ಉತ್ತರಕ್ಕೇ ತಿರುಗಿಸಿ, ಸುತ್ತ ಕೂತು ಪಾಠ ಮಾಡಿದೆವು. ಎಲ್ಲರಿಗೂ ಬೇಗ ತಿಳಿಯಿತು. "ನಮ್ಮ ರಾಜ್ಯಕ್ಕ ಹೊಳಿ ಅವ, ಗುಡ್ಡ ಅವ. ಇಲ್ಲದ್ದು ಒಂದೇ, ಸಮುದ್ರ," ಎಂದು ಹೇಳುತ್ತಿದ್ದೆ. ಆಗ ನನ್ನ ಸಂಗಡ ಸಾಲಿಗೆ ಬರುತ್ತಿದ್ದ ಮಗ, ಇನ್ನೂ ನಡಿಗೆ ಬಾರದ ಕೂಸು, ಅಂಬೆಗಾಲಿಟ್ಟು ಬಂದು ಹಳದಿ ಬಣ್ಣದ ನಟ್ಟನಡುವೆ ಕೂತ. ಕೂತು, ನನ್ನ ಮುಖ ನೋಡುತ್ತ, ಒಂದಕ್ಕೆ ಮಾಡಿದ. ಅದು ಹೈದರಾಬಾದನ್ನು ತೋಯಿಸಿ ವರಂಗಲ್ ಕಡೆ ಹರಿಯಿತು.

ಆಯಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಅದೊಂದು ಕಮ್ಮಿ ಇತ್ತು, ಅದೂ ಬಂತು ಬಿಡ್ರಿ."

ಗೋರಿ

ಇತಿಹಾಸ ಕಣ್ಣಿಂದ ನೋಡಲಿ ಎಂದು ಒಂದು ದಿನ ಎಲ್ಲರನ್ನೂ ಊರ ಹೊರಗಿನ ಸುಲ್ತಾನರ ಗೋರಿಗಳಿಗೆ ಕರೆದೊಯ್ದೆ. ಅಲ್ಲಿಗೆ ಹೊಸಬಳೆಂದರೆ ನಾನೊಬ್ಬಳೇ. ಕಿರಾಣಿಯಾಕೆ ಪ್ರತಿ ಬೇಸಗೆ ಅಲ್ಲೇ ಮೆಣಸಿನಕಾಯಿ ಒಣಗಿಸುತ್ತಾಳಂತೆ. "ಈ ಸುಲ್ತಾನ ಛಲೋ ರಿ, ಇವನ ಹತ್ತಿರ ಗಾಳಿ ಬರ್ತದ. ಆ ಸುಲ್ತಾನ ಬ್ಯಾಡ, ಮಂಗ್ಯಾ ಭಾಳ," ಎಂದು ನನಗೇ ಪಾಠ ಹೇಳಿದಳು.

ನಾನು ಗಂಟಲು ಸರಿಮಾಡಿಕೊಂಡು, "ಈ ಸುಲ್ತಾನ ತಾನು ಬದುಕಿದ್ದಾಗಲೇ ಈ ಗೋರಿ ಕಟ್ಟಿಸಿಕೊಂಡ. ಯಾಕ ಅಂತ ಯಾರರೆ ಹೇಳ್ತೀರಾ?" ಎಂದೆ. ಕೀರ್ತಿ, ಕಲೆ, ಇಂಥದ್ದೇನಾದರೂ ಬರಬಹುದೆಂದು ಕಾದೆ.

"ಅದರಾಗೇನದ್ರಿ," ಎಂದಳು ಕಿರಾಣಿಯಾಕೆ. "ಮಕ್ಕಳ ಮ್ಯಾಲ ಭರೋಸಾ ಇದ್ದಿಲ್ಲ."

ಯಾರು ಗೆದ್ದರು

ಪೊಲೀಸ್ ಆ್ಯಕ್ಷನ್ ಪಾಠಕ್ಕೆ ನನಗೆ ಒಳಗೊಳಗೇ ಅಳುಕು. ಆ ದಿನಗಳ ಬಗ್ಗೆ ನಮ್ಮ ಕಡೆ ಜನ ಸುಲಭವಾಗಿ ಬಾಯಿ ಬಿಡುವುದಿಲ್ಲ. ಅದಕ್ಕೆ ಮೊದಲೂ, ಆಮೇಲೂ ಹಿಂದೂ, ಮುಸಲ್ಮಾನ ಎರಡೂ ಕಡೆಯ ಮನೆಗಳು ಖಾಲಿಯಾಗಿವೆ. ಪುಸ್ತಕದಲ್ಲಿ ಇದ್ದಷ್ಟೇ ಓದಿದೆ: ಭಾರತದ ಸೈನ್ಯ ಬಂತು, ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು.

ಭಾತಂಬ್ರಾದಾಕೆ ತಲೆ ಅಲ್ಲಾಡಿಸಿದಳು. "ಕೆಲವೇ ದಿನ ಅಲ್ರಿ ಬಾಯಿ. ಭಾಳ ದಿನ ನಡೀತು."

"ಪುಸ್ತಕದಾಗ ಹಂಗ ಅದಲ್ಲ."

"ಪುಸ್ತಕ ಬರದಾಂವ ಜ್ವಾಳದ ಹೊಲದಾಗ ಇದ್ದಿಲ್ರಿ, ನಾ ಇದ್ದೆ. ಆಗ ನನ್ನ ಲಗ್ನ ಆಗಿ ಸ್ವಲ್ಪ ದಿನ. ಅಂಜಿ ಊರ ಹೆಂಗಸ್ರೆಲ್ಲ ಹೊಲದಾಗ ಅಡಗಿದ್ವಿ. ತಲಿ ಮ್ಯಾಲ ವಿಮಾನ ಹೋದ್ರ ಉಸಿರು ಬಿಗಿಹಿಡಿಯೋದು. ಒಂದಿನ ಡಂಗುರದವ ಬಂದು ಎಲ್ಲಾ ಮುಗೀತು, ಮನಿಗಿ ಬರ್ರಿ ಅಂತ ಸಾರಿದ. ಎಲ್ಲರೂ ಎದ್ದು ಹೋದ್ರು. ನಮ್ಮತ್ತಿ ಏಳಲಿಲ್ಲ."

"ಯಾಕ?"

"ಆ ಡಂಗುರದವನ ಮಾತು ನಂಬಬ್ಯಾಡ ಅಂದ್ರು. ಹಿಂದೊಮ್ಮೆ ಸಂತಿ ಅದ ಅಂತ ಸಾರಿದ್ನಂತ, ಹೋಗಿ ನೋಡಿದ್ರ ಸಂತಿ ಇದ್ದಿಲ್ಲಂತ. ಮಾವ ಬಂದು ಕರದ್ರೂ ಇಲ್ಲ. ಇಬ್ಬರೇ ಕೂತ್ವಿ. ದಿನಾ ಪೂರ್ತಿ ನನ್ನ ರೊಟ್ಟಿ ದಪ್ಪ, ನನ್ನ ತವರು ಸಣ್ಣದು, ಅದೇ ಮಾತು."

ಕೋಣೆಯಲ್ಲಿ ಎಲ್ಲರೂ ನಕ್ಕರು. ನಗುತ್ತ ನಗುತ್ತ ಒಬ್ಬಿಬ್ಬರು ಕಣ್ಣೂ ಒರೆಸಿಕೊಂಡರು. ನಾನು ಪಾಠಕ್ಕೆ ಮರಳಬೇಕಲ್ಲ, ಕೇಳಿದೆ: "ಕಡೀಗಿ ಹೊಲದಿಂದ ಹೊರಗ ಬಂದಾಗ ಯಾರು ಗೆದ್ದಾರ ಅಂತ ಗೊತ್ತಾಯ್ತೇನು?"

"ಅದು ಒಳಗಿದ್ದಾಗೇ ಗೊತ್ತಾಗಿತ್ರಿ. ಅತ್ತಿ ಗೆದ್ದಿದ್ಲು."

ಸಾಹೇಬರು

ಹೋದ ವಾರ ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದೇಬಿಟ್ಟರು. ಕಡಿಮೆ ವಯಸ್ಸು, ಇಸ್ತ್ರಿ ಮಾಡಿದ ಕೋಟು, ಪುಸ್ತಕದ ಕನ್ನಡ. ನನಗೆ ಹೆದರಿಕೆ ಇರಲಿಲ್ಲ. ನನ್ನ ಹೆಂಗಸರಿಗೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು.

ಅವರು ಭಾತಂಬ್ರಾದಾಕೆಯನ್ನು ಎಬ್ಬಿಸಿದರು. "ಹೇಳಿ ತಾಯಿ, ಕಲಬುರ್ಗಿ ಜಿಲ್ಲೆಯಲ್ಲಿ ಹರಿಯುವ ದೊಡ್ಡ ನದಿ ಯಾವುದು?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು.

"ಹೋಗಲಿ. ನೀವು ಹೇಳಿ," ಎಂದು ಕಿರಾಣಿಯಾಕೆಯ ಕಡೆ ತಿರುಗಿದರು. "ಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಿದ ಶರಣರು ಯಾರು?"

ಅವಳೂ ಸೆರಗು ಬಾಯಿಗೆ. ಸಾಹೇಬರು ನನ್ನನ್ನು ನೋಡಿದರು. ಕಲ್ಯಾಣ ಇಲ್ಲಿಂದ ಒಂದು ಹೊತ್ತಿನ ಹಾದಿ. ನಮ್ಮ ಕಡೆ ತೊಟ್ಟಿಲ ಕೂಸಿಗೂ ಆ ಹೆಸರು ಗೊತ್ತು. ಅವರು ಪೆನ್ನಿಗೆ ಟೋಪಿ ಹಾಕಿದರು. "ಬೀದರಿನಲ್ಲಿ ಕೂತು ಇದೂ ಬರದಿದ್ದರೆ, ಈ ಕೋಣೆ ಬೇರೆ ಯಾವುದಕ್ಕಾದರೂ ಉಪಯೋಗಕ್ಕೆ ಬಂದೀತು."

ಆಗ ನನಗೆ ಹೊಳೆಯಿತು. ಭಾತಂಬ್ರಾದಾಕೆಯ ಗಂಡ ಭೀಮರಾಯ. ಕಿರಾಣಿಯಾಕೆಯ ಗಂಡ ಬಸವರಾಜ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಊರು ನಮ್ಮದು. ವರ್ಷಪೂರ್ತಿ ಅವರು "ಅವರ ಹೆಸರಿನ ಹೊಳಿ", "ನಮ್ಮವರ ಹೆಸರಿನ ಶರಣರು" ಎಂದು ಹೇಳುತ್ತಿದ್ದರು, ನಾನೂ ಹೂಂ ಎಂದು ಮುಂದೆ ಹೋಗುತ್ತಿದ್ದೆ.

"ಗಂಡನ ಹೆಸರ್ರಿ, ಸಾಹೇಬ್ರ," ಎಂದರು ನರ್ಸಬಾಯಿ ಮೆಲ್ಲಗೆ.

"ನದಿಯೇ?" ಎಂದರು ಸಾಹೇಬರು.

ವಿವರಿಸುತ್ತ ಕೂರುವ ಹೊತ್ತಲ್ಲ ಅದು. "ಒಡಪು ಹಾಕ್ರಿ," ಎಂದೆ ಹೆಂಗಸರಿಗೆ. ಒಡಪು ಎಂದರೆ ಪ್ರಾಸ ಕಟ್ಟಿ ಹೇಳುವ ಎರಡು ಸಾಲು. ಮದುವೆ ಮನೆಯ ಹೊಸ್ತಿಲಲ್ಲಿ ಗಂಡನ ಹೆಸರು ಹೇಳಿಸುವುದು ಹಾಗೆಯೇ. ಒಡಪಿನೊಳಗೆ ಬಂದ ಹೆಸರಿಗೆ ದೋಷವಿಲ್ಲ.

ಭಾತಂಬ್ರಾದಾಕೆ ತಲೆ ತುಂಬ ಸೆರಗು ಹೊದ್ದು, ಕಣ್ಣು ಮುಚ್ಚಿ ಹೇಳಿದಳು:

"ಭಾಲ್ಕಿ ಹಾದ್ಯಾಗ ಬೆಳದಾದ ಬಿಳಿ ಜ್ವಾಳದ ತೆನಿ,
ಭೀಮರಾಯರು ಬಂದ್ರ ಬೆಳಕಾಗ್ತದ ಮನಿ."

ಕಣ್ಣು ತೆರೆದು, "ಅವರ ಹೆಸರಿನ ಮೊದಲಿಂದು, ಅದೇ ಹೊಳಿ ರಿ," ಎಂದಳು.

ಕಿರಾಣಿಯಾಕೆ ಕಾಯಲಿಲ್ಲ:

"ಹಿತ್ತಾಳಿ ತಂಬಗಿ, ಕಂಚಿನ ತಾಟ,
ಬಸವರಾಜರಿಗಿ ದಿನಾ ಬೇಕು ಹೋಳಿಗಿ ಊಟ."

ಹೇಳಿ, ಎಲ್ಲಿ ತಪ್ಪು ತಿಳಿದಾರೋ ಎಂದು ಸೇರಿಸಿದಳು: "ಮಂಟಪ ಕಟ್ಟಿದವರು ಈ ಹೋಳಿಗಿಯವರಲ್ರಿ ಸಾಹೇಬ್ರ. ಅವರು ಶರಣರು."

ಸಾಹೇಬರು ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡರು. ಹೆಂಗಸರಿಗೆ ಹುರುಪು ಬಂತು. ಹೈದರಾಬಾದಿನ ನದಿ ಯಾವುದು ಎಂದರೆ ಹಿಂದಿನ ಸಾಲಿನಿಂದ ಒಬ್ಬಳು ಮೂಸಿ ನದಿಗೂ ಒಡಪು ಹಾಕಿದಳು.

"ಮೂಸಿ ಕೂಡ ನಿಮ್ಮ ಯಜಮಾನರ ಹೆಸರೇ, ತಾಯಿ?"

"ಅಲ್ರಿ. ಎಲ್ಲರೂ ಹಾಕ್ಯಾರ, ನಾ ಒಬ್ಬಾಕಿ ಯಾಕ ಬಿಡ್ಲಿ?"

ಆಮೇಲೆ ಸಾಹೇಬರು ಕೇಳಿದ್ದಕ್ಕೆಲ್ಲ ಉತ್ತರ ಬಂತು. ಭೂಗೋಳ ಬಂತು, ಇತಿಹಾಸ ಬಂತು, ಕಾಲರಾ ಬರದಂತೆ ನೀರು ಕಾಯಿಸುವುದೂ ಪ್ರಾಸದಲ್ಲೇ ಬಂತು. ಅವರು ನಗುತ್ತ ಎದ್ದು ನಿಂತು, "ಸಾಲಿ ನಡೆಯಲಿ. ನಾನು ಒಪ್ಪಿದ್ದೇನೆ," ಎಂದರು. ಗೆದ್ದೆವು ಎಂದುಕೊಂಡೆ. ಮನೆಗೆ ಹೋಗಿ ಅತ್ತೆಗೆ ಹೇಗೆ ಹೇಳಬೇಕು ಎಂದು ಮಾತೂ ಜೋಡಿಸಿಕೊಂಡೆ.

ಅಷ್ಟರಲ್ಲಿ ಡಾಬಕಾದ ಆಯಿ ಗೋಡೆ ಹಿಡಿದು ಎದ್ದಳು.

"ಬಾಯಿ, ಮೊನ್ನಿ ನೀವೇ ಕಲಿಸೀರಿ. ಮುಂದಿನ ತಿಂಗಳ ಹೈದರಾಬಾದ್ ರಾಜ್ಯ ಇರೋದಿಲ್ಲ, ಉದಗೀರ ಮುಂಬಯಿ ಕಡಿ ಹೋಗ್ತದ, ನಮ್ಮ ಬೀದರ, ಭಾಲ್ಕಿ, ಔರಾದ ಮೈಸೂರಿಗಿ ಸೇರ್ತಾವ ಅಂತ. ಖರೆ ಏನ್ರಿ?"

"ಖರೆ, ಆಯಿ."

"ಮತ್ತ ಈ ಸಾಹೇಬ್ರು ಹೈದರಾಬಾದದವರು. ಇವರು ಒಪ್ಪಿದ್ದು ಈ ತಿಂಗಳಿಗಿ ಆಯ್ತು. ಮುಂದ ಪರೀಕ್ಷಾ ಮಾಡಾಕ ಬರೋರು ಮೈಸೂರ ಸಾಹೇಬ್ರು."

"ಹೌದು."

ಸಾಹೇಬರ ನಗು ನಿಂತಿತು. ಅವರು ನನ್ನನ್ನು ನೋಡಿದರು, ನಾನು ನರ್ಸಬಾಯಿಯನ್ನು ನೋಡಿದೆ, ನರ್ಸಬಾಯಿ ಕಿಟಕಿ ನೋಡಿದರು. ಆಯಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು:

"ಮೈಸೂರ ಸಾಹೇಬ್ರಿಗಿ ಒಡಪು ತಿಳೀತಾವೇನ್ರಿ?"