ಅವರವರ ಮಾತು, ನಮ್ಮ ರಾಗ

ನಮ್ಮ ಸೀಮೆಯಲ್ಲಿ ಮಾತಿನ ಫಜೀತಿ ಒಂದೂ ಆಗದೆ ವಾರ ಕಳೆಯಿತೆಂದರೆ ಊರಿಗೆ ಊರೇ ಜ್ವರ ಬಂದು ಮಲಗಿದೆ ಎಂದು ತಿಳಿಯಬೇಕು. ಪುತ್ತೂರು, ಸುಳ್ಯ, ಕಡಬದ ಕಡೆ ಒಂದು ಚಹಾದಂಗಡಿಯ ಬೆಂಚಿನಲ್ಲಿ ನಾಲ್ಕು ಜನ ಕೂತರೆ ಐದು ಭಾಷೆ ಕೇಳುತ್ತದೆ. ತುಳು, ಅರೆಭಾಷೆ, ಬ್ಯಾರಿ, ಮಲೆಯಾಳ, ಅದರ ಮೇಲೆ ಶಾಲೆಯ ಕನ್ನಡ. ಹೊಸಬರನ್ನು ಕಂಡರೆ ನಾವು ಹೆಸರು ಕೇಳುವುದಿಲ್ಲ. ಅವರು ಉಟ್ಟದ್ದು, ನಡೆದದ್ದು, ಕೊಡೆ ಹಿಡಿದದ್ದು ನೋಡಿ ಇಂಥವರೇ ಎಂದು ತೀರ್ಮಾನಿಸಿ, ಕೂಡಲೇ ಅವರ ಭಾಷೆಯಲ್ಲಿ ಶುರು ಮಾಡುತ್ತೇವೆ. ಆ ಭಾಷೆ ನಮಗೆ ಬರುತ್ತದೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ. ಇದು ನನಗೆ ಬಹಳ ಹೆಮ್ಮೆಯ ವಿಷಯ. ಈ ಹೆಮ್ಮೆಗಾಗಿ ನಾನು ಮರ್ಯಾದೆ ಕಳಕೊಂಡದ್ದೂ ಕಡಿಮೆಯಲ್ಲ.

ನಾನು ಹುಟ್ಟಿದ್ದು ಸುಳ್ಯದ ಕಡೆ. ಮನೆಮಾತು ಅರೆಭಾಷೆ. ನೀವೆಲ್ಲ ‘ಇದೆ’ ಅನ್ನುವಲ್ಲಿ, ಪುತ್ತೂರಿನವರು ‘ಉಂಟು’ ಅನ್ನುವಲ್ಲಿ, ನಮ್ಮದು ‘ಉಟ್ಟು’. ಮಾಸ್ಟ್ರಾಗಿದ್ದದ್ದು ಕೋಡಿಂಬಾಳದ ಕಡೆಯ ಒಂದು ಜಿಲ್ಲಾ ಬೋರ್ಡ್ ಶಾಲೆಯಲ್ಲಿ. ಐದು ಕ್ಲಾಸು, ಒಂದು ಕೋಣೆ, ಒಬ್ಬ ನಾನು. ಒಂದನೇ ಕ್ಲಾಸಿಗೆ ಅ ಆ ಇ ಈ ಬರೆಸುತ್ತ ಐದನೇ ಕ್ಲಾಸಿಗೆ ಭಿನ್ನರಾಶಿ ಕಲಿಸಬೇಕಾದರೆ ಗಂಟಲು ಗಟ್ಟಿ ಬೇಕು. ನನ್ನ ಗಂಟಲು ಎಷ್ಟು ಗಟ್ಟಿ ಎಂದರೆ ಆಚೆ ಗುಡ್ಡದಲ್ಲಿ ಮೇಯುವ ದನಗಳೂ ಕೈ ಕಟ್ಟಿಕೊಳ್ಳುತ್ತಿದ್ದವು ಎಂದು ಊರವರು ಹೇಳುತ್ತಿದ್ದರು. ನನಗಿದ್ದ ಚಟ ಒಂದೇ, ನಸ್ಯ. ಆಸೆಯೂ ಒಂದೇ, ಶಾಲೆಗೆ ಎರಡನೆಯ ಮಾಸ್ಟ್ರು. ಆ ಆಸೆಯ ಬೆನ್ನು ಹತ್ತಿ ಹೋದಾಗಲೇ ಮುಂದಿನದೆಲ್ಲ ನಡೆದದ್ದು.

ಬಸ್‌ಸ್ಟ್ಯಾಂಡಿನ ಮಲೆಯಾಳ

ಐವತ್ತರ ದಶಕದ ಶುರುವಿನ ಮಾತು, ನನಗಿನ್ನೂ ಮದುವೆಯಾಗಿರಲಿಲ್ಲ. ಎರಡನೆಯ ಮಾಸ್ಟ್ರು ಬೇಕು ಎಂಬ ಅರ್ಜಿಯನ್ನು ಪುತ್ತೂರಿನ ಕಚೇರಿಯಲ್ಲಿ ಕೊಟ್ಟು, ಅಲ್ಲಿಂದ ಸುಳ್ಯಕ್ಕೆ ಹೆಣ್ಣು ನೋಡಲು ಹೊರಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಒಬ್ಬರು ಕೂತಿದ್ದರು. ಬಿಳಿ ಮುಂಡು ಪಂಚೆ, ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ, ಎಣ್ಣೆ ಸುರಿಯುವ ಕ್ರಾಪು. ಮಲೆಯಾಳದವರೇ, ಸಂಶಯ ಇಲ್ಲ. ನಾನು ಮಲೆಯಾಳದಲ್ಲಿ "ಎವಿಡೆ ಪೋಣು?", ಎಲ್ಲಿಗೆ ಹೊರಟದ್ದು, ಎಂದು ಶುರು ಮಾಡಿದೆ. ಅವರೂ ಮಲೆಯಾಳದಲ್ಲೇ ಉತ್ತರ ಕೊಟ್ಟರು. ನಸ್ಯದ ಡಬ್ಬಿ ಚಾಚಿದೆ. ಅವರೂ ಒಂದು ಚಿಟಿಕೆ ತೆಗೆದುಕೊಂಡರು. ಜೊತೆಯಲ್ಲಿ ಸೀನಿದ ಮೇಲೆ ಸ್ನೇಹ ಆಗದೆ ಇರುತ್ತದೆಯೇ?

ಬಸ್ಸು ತಡವಾಯಿತು. ಅವರನ್ನು ಖುಷಿಪಡಿಸೋಣ ಎಂದು ನಾನು ಸುಳ್ಯದವರನ್ನು ಆಡಿಕೊಂಡೆ. "ಈ ಸುಳ್ಯದವರತ್ರ ದಾರಿ ಕೇಳಿ ನೋಡಿ. ಮೊದಲು ನಿಮ್ಮ ಮನೆ ಯಾವುದು ಕೇಳ್ತಾರೆ, ಆಮೇಲೆ ತಾಯಿಮನೆ ಕೇಳ್ತಾರೆ, ಆಮೇಲೆ ಹೆಂಡತಿಮನೆ. ಕೊನೆಗೆ ದಾರಿ ಗೊತ್ತಿಲ್ಲ ಅಂತಾರೆ" ಎಂದೆ. ಅವರು ತೊಡೆ ತಟ್ಟಿ ನಕ್ಕರು. "ಅವರ ಮನೆಗೆ ಹೋದ್ರಿ ಅಂತಿಟ್ಟುಕೊಳ್ಳಿ. ಬೆಲ್ಲ ನೀರು ಕೊಟ್ಟು ‘ಮತ್ತೆ ಎಂತ ವಿಶೇಷ?’ ಅಂತ ಹನ್ನೆರಡು ಸಲ ಕೇಳ್ತಾರೆ. ವಿಶೇಷ ಹೇಳಲಿಕ್ಕೆ ಬಾಯಿ ತೆಗೆದ್ರೆ ಅವರದ್ದೇ ಶುರು ಮಾಡ್ತಾರೆ" ಎಂದು ಅವರೂ ಸೇರಿಸಿದರು. ಸುಳ್ಯ ತಲುಪುವಷ್ಟರಲ್ಲಿ ನಾವಿಬ್ಬರೂ ಸೇರಿ ಆ ಊರನ್ನು ಪೂರ್ತಿ ತೊಳೆದು ಒಣಗಲಿಕ್ಕೆ ಹಾಕಿದ್ದೆವು.

ಮನೆ ಹುಡುಕಿಕೊಂಡು ಸುತ್ತು ದಾರಿಯಲ್ಲಿ ಹೋಗಿ ಹೆಣ್ಣಿನ ಮನೆಯ ಜಗಲಿ ಹತ್ತಿದೆ. ಅಲ್ಲಿ ಕೊಡೆ ಪಕ್ಕದಲ್ಲಿಟ್ಟು ಅದೇ ಮನುಷ್ಯ ಕೂತಿದ್ದರು. ಹೆಣ್ಣಿನ ಸೋದರಮಾವನಂತೆ. ನನ್ನ ದಪ್ಪ ಮೀಸೆ ನೋಡಿ ಅವರು ನನ್ನನ್ನು ಮಲೆಯಾಳದವನೆಂದೇ ತಿಳಿದಿದ್ದರು. ಗಾಬರಿಯಲ್ಲಿ ಇಬ್ಬರಿಗೂ ಅರೆಭಾಷೆ ಹೊರಡಲಿಲ್ಲ, ಮತ್ತೂ ಮಲೆಯಾಳವೇ ಬಂತು. ಹೆಣ್ಣಿನ ತಂದೆ, ಮೊದಲೇ ಬಂದು ಕೂತಿದ್ದ ಮದುವೆ ದಲ್ಲಾಳಿಯ ಕಡೆ ತಿರುಗಿ, "ಎಂತ ಮಾರಾಯ, ನಮ್ಮ ಪೈಕಿಯ ಹುಡುಗ ಅಂತ ಹೇಳಿದ್ದಲ್ಲವಾ?" ಎಂದು ಕೇಳಿದರು.

ವಿಷಯ ಎಲ್ಲ ಹೊರಗೆ ಬಂತು. ಸಂಬಂಧ ಮುರಿಯಿತು ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಒಳಗಿನಿಂದ ಹುಡುಗಿಯ ಸ್ವರ ಕೇಳಿತು: "ನನಗೆ ಒಪ್ಪಿಗೆ. ನಮ್ಮವರ ಬಗ್ಗೆ ಅವರು ಹೇಳಿದ್ದರಲ್ಲಿ ಒಂದಾದ್ರೂ ಸುಳ್ಳು ಉಟ್ಟಾ?"

ಘಟ್ಟದ ಮೇಲಿನ ಕನ್ನಡ

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಅಲ್ಲಿಯ ತನಕ ಬರುತ್ತಿದ್ದ ಇನ್‌ಸ್ಪೆಕ್ಟರುಗಳಿಗೆ ಕನ್ನಡವೇ ಸರಿಯಾಗಿ ಬರುತ್ತಿರಲಿಲ್ಲ. ಮಕ್ಕಳು ತಪ್ಪು ಹೇಳಿದರೂ "ಗುಡ್" ಎಂದು ಹೋಗುತ್ತಿದ್ದರು. ಈಗ ಘಟ್ಟದ ಮೇಲಿನ ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಸುದ್ದಿ ಬಂತು. ನನಗೆ ಚಿಂತೆ ಹತ್ತಿತು. ಈ ಸಲ ಮೆಚ್ಚಿಸಿದರೆ ಎರಡನೆಯ ಮಾಸ್ಟ್ರು, ಇಲ್ಲದಿದ್ದರೆ ನನ್ನ ಗಂಟಲೇ ಗತಿ.

ಬರುವವರ ಮಾತಿನಲ್ಲೇ ಸ್ವಾಗತಿಸುವುದು ನಮ್ಮ ಕ್ರಮವಲ್ಲವೇ? ಘಟ್ಟದ ಮೇಲಿನ ಕನ್ನಡ ನನಗೆ ಗೊತ್ತಿತ್ತು. ಸುಬ್ರಹ್ಮಣ್ಯದಲ್ಲಿ ಧಾರವಾಡ ಕಡೆಯ ಒಬ್ಬ ಕಂಬಳಿ ಮಾರುವವನ ಹತ್ತಿರ ಅರ್ಧ ದಿನ ಚೌಕಾಶಿ ಮಾಡಿದ್ದೆ. ಕಂಬಳಿ ತರಲಿಲ್ಲ, ಮಾತು ತಂದಿದ್ದೆ. ಒಂದು ವಾರ ಮಕ್ಕಳಿಗೆ ಅದನ್ನೇ ಬಾಯಿಪಾಠ ಮಾಡಿಸಿದೆ.

ಇನ್‌ಸ್ಪೆಕ್ಟರು ಬಾಗಿಲಿಗೆ ಬಂದದ್ದೇ ಮಕ್ಕಳು ಎದ್ದು ನಿಂತು, "ನಮಸ್ಕಾರ್ರೀ ಸರ! ಆರಾಮ ಅದೀರೇನ್ರೀ ಸರ!" ಎಂದು ಕೂಗಿದರು. ಅವರು ಒಂದು ಹೆಜ್ಜೆ ಹಿಂದೆ ಹೋದರು. ಅವರು ಮೈಸೂರಿನವರು. ಘಟ್ಟ ಹತ್ತಿದ ಮೇಲೆ ಎಲ್ಲ ಒಂದೇ ಎಂದು ನಾನು ತಿಳಿದಿದ್ದೆ. ಅವರಿಗೂ ನಮ್ಮ ಬಗ್ಗೆ ಯಾರೋ ಹೇಳಿ ಕಳಿಸಿದ್ದರು: ಕರಾವಳಿಯವರು ಗ್ರಂಥದ ಕನ್ನಡವನ್ನೇ ಆಡುತ್ತಾರೆ, ಬೇರೆ ಹೇಳಿದರೆ ಅರ್ಥವಾಗುವುದಿಲ್ಲ ಎಂದು. ಅವರೂ ಒಂದು ವಾರ ಅಭ್ಯಾಸ ಮಾಡಿಕೊಂಡೇ ಬಂದಿದ್ದರೆಂದು ಕಾಣುತ್ತದೆ. ಎದುರು ಬೆಂಚಿನ ಪುಟ್ಟ ಹುಡುಗಿಯ ಮುಂದೆ ಬಗ್ಗಿ, ಯಕ್ಷಗಾನದ ರಾಜನ ಹಾಗೆ, "ಎಲೈ ಬಾಲೆಯೇ, ನಿನ್ನ ನಾಮಧೇಯವೇನು?" ಎಂದು ಕೇಳಿದರು.

ಅವಳು ಕೈ ಕಟ್ಟಿ ಧೈರ್ಯವಾಗಿ ಹೇಳಿದಳು: "ಆರಾಮ ಅದೀನ್ರೀ ಸರ!"

ಮನುಷ್ಯ ಒಳ್ಳೆಯವರು, ನಕ್ಕರು. ಆದರೆ ಹೋಗುವಾಗ ಹೇಳಿದ್ದು ನಗುವ ಮಾತಲ್ಲ. "ಮೇಷ್ಟ್ರೇ, ನಿಮ್ಮ ಕಷ್ಟ ಗೊತ್ತಾಯ್ತು. ಇರೋ ಮಕ್ಕಳಿಗೆ ಇನ್ನೊಬ್ಬರನ್ನ ಕೊಡೋಕಾಗಲ್ಲ. ಮುಂದಿನ ಸಲ ಬರೋ ಹೊತ್ತಿಗೆ ಇನ್ನೊಂದು ಹತ್ತು ಮಕ್ಕಳನ್ನ ತೋರಿಸಿ, ಬರೆದುಕೊಡ್ತೀನಿ. ಇಲ್ಲಾಂದ್ರೆ ಈ ಅರ್ಜಿ ಇಲ್ಲಿಗೇ ಮುಗೀತು" ಎಂದರು.

ಗುಡ್ಡದ ಮೇಲಿನವರು

ಹತ್ತು ಮಕ್ಕಳು ಎಲ್ಲಿಂದ? ಇದ್ದದ್ದು ಒಂದೇ ಕಡೆ, ಶಾಲೆಯ ಮೇಲಿನ ಗುಡ್ಡದಲ್ಲಿ. ಕೇರಳದಿಂದ ಬಂದ ಮೂರು ಕ್ರಿಶ್ಚಿಯನ್ ಮನೆಯವರು ಅಲ್ಲಿ ಕಾಡು ಕಡಿದು, ಮರಗೆಣಸು ನೆಟ್ಟು, ರಬ್ಬರಿಗೆ ಗುಂಡಿ ತೆಗೆಯುತ್ತಿದ್ದರು. ಮೂರು ಮನೆಯಲ್ಲಿ ಸೇರಿ ಹನ್ನೊಂದು ಮಕ್ಕಳು. ಊರವರು ಆ ಕಡೆ ಹೋಗುತ್ತಿರಲಿಲ್ಲ. ಮಲೆಯಾಳದವರೆಂದರೆ ಮಾಟ ಮಂತ್ರ ಬಲ್ಲವರು ಎಂಬ ಹೆದರಿಕೆ. ಅವರೂ ಕೆಳಗೆ ಬರುತ್ತಿರಲಿಲ್ಲ. ಈ ಕನ್ನಡದವರು ಇಡೀ ದಿನ ಎಲೆಯಡಿಕೆ ಜಗಿದು ಮಾತಾಡುತ್ತಾರೆ, ಕೆಲಸ ಮಾಡುವುದಿಲ್ಲ ಎಂದು ಅವರ ಅಭಿಪ್ರಾಯ. ಅವರ ಪೈಕಿ ಹಿರಿಯನನ್ನು ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಮಕ್ಕಳನ್ನೆಲ್ಲ ಊರಿಗೆ, ಅಜ್ಜಿಮನೆಗೆ ಕಳಿಸಿ ಅಲ್ಲೇ ಓದಿಸುವುದೆಂದು ಚೇಟ್ಟ ತೀರ್ಮಾನಿಸಿದ್ದಾರೆ ಎಂದು ಸುದ್ದಿ ಇತ್ತು.

ನಾನು ಹೆಂಡತಿಯನ್ನು ಕರಕೊಂಡು ಗುಡ್ಡ ಹತ್ತಿದೆ. ನನ್ನ ಮಲೆಯಾಳದ ಬಗ್ಗೆ ನನಗೆ ಪೂರ್ಣ ಭರವಸೆ ಇತ್ತು. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಮೀನು ಹೊತ್ತು ತರುತ್ತಿದ್ದ ಕಾಸರಗೋಡು ಕಡೆಯ ಕಾಕನಿಂದ ಅದನ್ನು ಕಲಿತದ್ದು. ಚೇಟ್ಟನ ಅಂಗಳದಲ್ಲಿ ನಿಂತು, ಮಕ್ಕಳನ್ನು ಶಾಲೆಗೆ ಕಳಿಸಬೇಕು ಎಂದು ಮೂರು ಸಲ ಗಟ್ಟಿಯಾಗಿ ಹೇಳಿದೆ: "ಕುಟ್ಟಿಗಳೆ ಸ್ಕೂಳಿಲ್ ಅಯಕ್ಕಣೇಏಏ!"

ಚೇಟ್ಟ ನನ್ನ ಬುಟ್ಟಿ ಎಲ್ಲಿ ಎಂಬಂತೆ ಹಿಂದೆ ಮುಂದೆ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಮಣ್ಣಿನ ಚಟ್ಟಿ ಹಿಡಿದುಕೊಂಡು ಓಡಿ ಬಂದರು. ಅವರ ಹಿಂದೆ ಎರಡು ಬೆಕ್ಕು.

ಮಾತು ಕಾಕನಿಂದ ಕಲಿತವನು ಕಾಕನ ರಾಗವನ್ನೂ ಕಲಿತಿದ್ದೆ. ಬಾಲ ಎಳೆಯದೆ ಒಂದು ವಾಕ್ಯವೂ ನನಗೆ ಬರುತ್ತಿರಲಿಲ್ಲ. ಹೇಗೋ ವಿಷಯ ತಿಳಿಸಿದೆ. ಚೇಟ್ಟ ಕಪ್ಪು ಕಾಪಿ ಕೊಟ್ಟರು, ಬೇಯಿಸಿದ ಗೆಣಸು ಕೊಟ್ಟರು. ಕಳಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ. "ನೋಡೋಣ" ಎಂದರು. ಇಳಿಯುವಾಗ ಹೆಂಡತಿ ಹೇಳಿದಳು: "ಬೂತಾಯಿ ಮೀನು ಉಟ್ಟು ಅಂತ ನೀವು ಹೇಳುದೊಂದು ಬಾಕಿ ಇತ್ತು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಶಾಲೆಯ ಗತಿ ನನ್ನ ನಾಲಗೆಯ ಮೇಲೆ ನಿಂತಿತ್ತು, ಅದನ್ನು ನಾನಾಗಿಯೇ ಜಾರಿಸಿದ ಹಾಗಾಯಿತು ಎಂದು ಬೇಸರವಾಯಿತು.

ಏಳರ ಮಗ್ಗಿ

ಇನ್‌ಸ್ಪೆಕ್ಟರು ಎರಡನೆಯ ಸಲ ಬಂದ ದಿನ ನನ್ನ ಹಾಜರಿ ಪುಸ್ತಕದಲ್ಲಿ ಒಂದು ಹೆಸರೂ ಹೆಚ್ಚಾಗಿರಲಿಲ್ಲ. ಅವರು ಪುಸ್ತಕ ಮುಚ್ಚಿ ಪೆನ್ನಿನ ಟೊಪ್ಪಿ ಹಾಕುವುದರಲ್ಲಿದ್ದರು. ಆಗ ಬಾಗಿಲಿನಲ್ಲಿ ಚೇಟ್ಟ ಕಂಡರು. ಇಸ್ತ್ರಿ ಮಾಡಿದ ಮುಂಡು, ಹಿಂದೆ ಸಾಲಾಗಿ ಹನ್ನೊಂದು ಮಕ್ಕಳು, ಎಲ್ಲರ ತಲೆಯಲ್ಲೂ ಎಣ್ಣೆ. ಚೇಟ್ಟ ಒಳಗೆ ಬಂದು ಇನ್‌ಸ್ಪೆಕ್ಟರಿಗೆ ಕೈ ಮುಗಿದು, ಬಹಳ ಗೌರವದಿಂದ, ಅಚ್ಚ ಕನ್ನಡದಲ್ಲಿ ಹೇಳಿದರು:

"ಎಂತ ಮಂಗನ ಹಾಗೆ ನೋಡುದು? ಕೂತುಕೊ! ಕೈ ಕಟ್ಟು! ಬಾಯಿಗೆ ಬೆರಳು!"

ಇನ್‌ಸ್ಪೆಕ್ಟರು ಕೂತುಬಿಟ್ಟರು. ಕೈಯನ್ನೂ ಕಟ್ಟಿದರು. ಬೆರಳು ಮಾತ್ರ ಅರ್ಧ ದಾರಿಯಲ್ಲಿ ನಿಂತಿತು.

ನಾನು ಬೆವತುಹೋಗಿ ಚೇಟ್ಟನನ್ನು ಮಲೆಯಾಳದಲ್ಲಿ ಕೇಳಿದೆ, ಇದೇನು ಎಂದು. ಅವರು ಶಾಂತವಾಗಿ ವಿವರಿಸಿದರು. ಎರಡು ವರ್ಷದಿಂದ ಗುಡ್ಡದಲ್ಲಿ ಗುಂಡಿ ತೆಗೆಯುವಾಗ ಅವರಿಗೆ ಕೇಳಿದ ಕನ್ನಡ ನನ್ನದೊಂದೇ. ಊರಿನ ದೊಡ್ಡ ಮನುಷ್ಯ ಮಾಸ್ಟ್ರು, ಮಾಸ್ಟ್ರು ಹೀಗೆ ಮಾತಾಡುವುದಾದರೆ ಇದೇ ಮರ್ಯಾದೆಯ ಕನ್ನಡ ಎಂದು ಕಲಿತುಕೊಂಡರಂತೆ. ಅರ್ಜಿ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಆದರೂ ತಡೆಯದೆ, "ಮಕ್ಕಳನ್ನು ಊರಿಗೆ ಕಳಿಸುತ್ತೀರಿ ಅಂತ ಇತ್ತಲ್ಲ?" ಎಂದು ಕೇಳಿದೆ.

ಚೇಟ್ಟ ಹೇಳಿದರು: "ಈ ಊರಿಗೆ ಬಂದ ಮೇಲೆ ನಮ್ಮ ಮಾತು ಆಡಲಿಕ್ಕೆ ನಮ್ಮ ಅಂಗಳಕ್ಕೆ ಬಂದವರು ನೀವೊಬ್ಬರೇ. ನೀವು ನಮ್ಮ ಭಾಷೆಯನ್ನು ಕೊಂದಿರಿ, ನಿಜ. ಆದರೆ ಗುಡ್ಡ ಹತ್ತಿ ಬಂದು ಕೊಂದಿರಿ."

ನಾನು ನಸ್ಯದ ಡಬ್ಬಿ ತೆಗೆದು ಚೇಟ್ಟನ ಕಡೆ ಚಾಚಿದೆ.

ಇನ್‌ಸ್ಪೆಕ್ಟರಿಗೆ ಮಾತ್ರ ಸಂಶಯ ಬಂದಿತ್ತು. "ಏನ್ ಮೇಷ್ಟ್ರೇ, ಇವತ್ತೊಂದಿನಕ್ಕೆ ಮಕ್ಕಳನ್ನ ಕರೆಸಿದ್ದೀರಾ? ಕನ್ನಡವೇ ಬರದ ಮಕ್ಕಳನ್ನ ಹೇಗೆ ಲೆಕ್ಕಕ್ಕೆ ಹಿಡೀಲಿ?" ಎಂದವರು ಮಕ್ಕಳ ಕಡೆ ತಿರುಗಿ, "ಏಳರ ಮಗ್ಗಿ ಹೇಳಿ ನೋಡೋಣ" ಎಂದರು. ಒಂದು ದಿನವೂ ನನ್ನ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳು. ನಾನು ಕಣ್ಣು ಮುಚ್ಚಿದೆ.

"ಏಳೊಂದ್ಲಿ ಏಳು! ಏಳೆರಡ್ಲಿ ಹದಿನಾಲ್ಕು!" ಹನ್ನೊಂದು ಸ್ವರ ಒಟ್ಟಿಗೆ ಹೊರಟಿತು. ಕಣ್ಣು ಬಿಟ್ಟೆ. ಗುಡ್ಡದಲ್ಲಿ ಅಪ್ಪಂದಿರ ಜೊತೆ ಮಣ್ಣು ಹೊರುತ್ತ, ಕೆಳಗಿನಿಂದ ಕೇಳಿದ್ದನ್ನು ಕೇಳಿ, ಶಾಲೆಯ ಕಿಟಕಿಯಲ್ಲಿ ಕಂಡದ್ದನ್ನು ನೋಡಿ ಕಲಿತಿದ್ದರು. ಎಲ್ಲೂ ತಪ್ಪಿಲ್ಲ. ಹೆಮ್ಮೆಯಿಂದ ನನ್ನ ಎದೆ ಅಂಗಿಯ ಗುಂಡಿ ಹಾರಿಸುವಷ್ಟು ಉಬ್ಬಿತು. "ಏಳೇಳ್ಲಿ ನಲವತ್ತೊಂಬತ್ತು! ಏಳೆಂಟ್ಲಿ..."

ನಿಲ್ಲಿಸಿದರು. ಹನ್ನೊಂದು ಮಕ್ಕಳೂ ಎರಡೆರಡು ಬೆರಳನ್ನು ಮೂಗಿಗೆ ಒತ್ತಿ, ತಲೆ ಹಿಂದಕ್ಕೆ ಎತ್ತಿ, "ಆ... ಆ... ಆಕ್ಷೀ!" ಎಂದು ಒಂದೇ ಸಲ ಸೀನಿದರು. ಆಮೇಲೆ ಒಂದೇ ಸ್ವರದಲ್ಲಿ, ನನ್ನದೇ ಅರೆಭಾಷೆಯಲ್ಲಿ, "ಹಾಳಾದ್ದು, ಟುವಾಲು ಎಲ್ಲಿ ಉಟ್ಟು?" ಎಂದು ಕೂಗಿದರು. ಆಮೇಲೆ, "ಐವತ್ತಾರು!"

ಎರಡು ವರ್ಷ, ದಿನಾಲೂ, ಏಳರ ಮಗ್ಗಿಯ ಹೊತ್ತಿಗೆ ನಾನು ನಸ್ಯ ಏರಿಸುತ್ತಿದ್ದೆ. ಆ ಸೀನೂ ಮಗ್ಗಿಯ ಭಾಗವೇ ಎಂದು ಗುಡ್ಡದ ಮೇಲಿನವರು ತಿಳಿದಿದ್ದರು.

ಇನ್‌ಸ್ಪೆಕ್ಟರು ಮೇಜಿಗೆ ತಲೆ ಇಟ್ಟು ನಕ್ಕರು. ಕಣ್ಣು ಒರೆಸಿಕೊಂಡು, ಪೆನ್ನಿನ ಟೊಪ್ಪಿ ತೆಗೆದು, "ಈ ಮಕ್ಕಳು ನಿಮ್ಮ ಶಿಷ್ಯರೇ, ಸಾಕ್ಷಿ ಬೇರೆ ಬೇಡ" ಎಂದು ಅಲ್ಲೇ ಬರೆದುಕೊಟ್ಟರು.

ಮುಂದಿನ ವರ್ಷ ಎರಡನೆಯ ಮಾಸ್ಟ್ರು ಬಂದರು. ಮಂಗಳೂರಿನಲ್ಲಿ ತರಬೇತಿ ಪಡೆದ ಶಿಸ್ತಿನ ಮನುಷ್ಯ. ಅಷ್ಟರಲ್ಲಿ ಗುಡ್ಡದ ಮಕ್ಕಳನ್ನು ನೋಡಿ ಕೆಳಗಿನ ಮಕ್ಕಳೂ ಅದನ್ನೇ ಕಲಿತಿದ್ದರು. ಮೊದಲ ದಿನವೇ ಅವರು ಗಾಬರಿಯಲ್ಲಿ ನನ್ನ ಹತ್ತಿರ ಓಡಿ ಬಂದರು. "ಇದೆಂತ ಮಾರಾಯ್ರೆ, ಏಳೆಂಟ್ಲಿ ಬಂದ ಕೂಡ್ಲೆ ಇಡೀ ಶಾಲೆ ಸೀನ್ತದಲ್ಲ?"

ನಾನು ನಸ್ಯದ ಡಬ್ಬಿಯನ್ನು ಮೆಲ್ಲಗೆ ಕಿಸೆಗೆ ಇಳಿಸಿ ಹೇಳಿದೆ:

"ನೀವು ಹೊಸಬರು, ನಿಮಗೆ ಗೊತ್ತಿಲ್ಲ. ಅದು ಈ ಊರಿನ ಶುದ್ಧ ಉಚ್ಚಾರಣೆ."